ಎರೆ ಮಣ್ಣಿಗೆ ಹಿಮಾಲಯನ್: ಕಲಬುರಗಿ, ಬೀದರ್, ಯಾದಗಿರಿ ಸುತ್ತುವವರಿಗೆ

ಮಹಾಗಾಂವ್ ಕ್ರಾಸ್‌ನಲ್ಲಿ ಬಲಕ್ಕೆ ತಿರುಗಿ ಚಿಂಚೋಳಿ ರಸ್ತೆ ಹಿಡಿದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಒಂದು ಕಡೆ ಸಣ್ಣ ಸೇತುವೆ ಕೆಲಸ ನಡೆದಿತ್ತು. ಪಕ್ಕದ ಹೊಲದಲ್ಲಿ ಹಾದಿ ಬಿಟ್ಟಿದ್ದರು. ಬಹಳ ಅಂದರೆ ನೂರು ಮೀಟರ್. ಹಿಂದಿನ ರಾತ್ರಿ ಒಂದು ಅಡ್ಡ ಮಳೆ ಬಿದ್ದಿತ್ತು. ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್, ಹೆಸರೇ ಹಿಮಾಲಯ, ಈ ಹೊಲ ಯಾವ ಲೆಕ್ಕ ಅಂದುಕೊಂಡು ಇಳಿಸಿಬಿಟ್ಟೆ.

ಮೂವತ್ತು ಮೀಟರ್ ಹೋಗಿರಬಹುದು. ಟೈರಿಗೆ ಮೊದಲು ಒಂದು ಪದರ ಮಣ್ಣು ಹತ್ತಿತು. ಅದರ ಮೇಲೆ ಹುಲ್ಲು, ಅದರ ಮೇಲೆ ಮತ್ತೆ ಮಣ್ಣು. ಹಗ್ಗ ಹೊಸೆದ ಹಾಗೆ ಸುತ್ತಿಕೊಳ್ಳುತ್ತಾ ಹೋಗಿ ಮುಂದಿನ ಮಡ್‌ಗಾರ್ಡ್ ಒಳಗೆ ತುಂಬಿಕೊಂಡಿತು. ಗಾಲಿ ತಿರುಗುವುದೇ ನಿಂತಿತು. ಹಿಂದಿನ ಗಾಲಿ ಮಾತ್ರ ತಿರುಗಿ ಗುಂಡಿ ತೋಡಿತು. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬೇರೆ. ಕೆಳಗಿಳಿದು ನೋಡಿದರೆ ಸ್ಟ್ಯಾಂಡ್ ಹಾಕದಿದ್ದರೂ ಗಾಡಿ ನೆಟ್ಟಗೆ ನಿಂತಿತ್ತು! ಅಷ್ಟು ಗಟ್ಟಿಯಾಗಿ ಹಿಡಿದಿತ್ತು ಎರೆ ಮಣ್ಣು, ಅಂದರೆ ಈ ಕಡೆಯ ಕಪ್ಪು ಜಿಗುಟು ಮಣ್ಣು.

ತೊಗರಿ ಹೊಲದಿಂದ ಒಬ್ಬರು ಹಿರಿಯರು ಬಂದರು. ಒಂದು ಸುತ್ತು ಹಾಕಿ ಗಾಡಿ ನೋಡಿದರು. "ಎರಿದಾಗ ಮಡ್‌ಗಾಡ ಹಾಕ್ಕೊಂಡು ಬಂದೀರಲ್ರೀ! ಮಳಿ ಬಿದ್ದ ಮ್ಯಾಲ ಅದು ಗಾಡಿಗಿ ಬೇಡಿ ಇದ್ದಂಗ" ಅಂದರು. ಬದುವಿನ ಮೇಲೆ ನಿಂತಿದ್ದ ಅವರ ಹಳೇ ಗಾಡಿಗೆ ಮುಂದಿನ ಮಡ್‌ಗಾರ್ಡೇ ಇರಲಿಲ್ಲ. ಇಬ್ಬರೂ ಸೇರಿ ಕಡ್ಡಿಯಿಂದ, ಕೊನೆಗೆ ಕೈಯಿಂದಲೇ ಕೆರೆದೆವು. ಮಡ್‌ಗಾರ್ಡ್ ಬಿಚ್ಚಿ ಹಿಂದಿನ ಸೀಟಿಗೆ ಕಟ್ಟಿದೆ. ಆಮೇಲೆ ಅವರು ಹಿಂದೆ ನಿಂತು ನೂಕಿದರು. ಗಾಡಿ ಹೊರಗೆ ಬಂತು. ನೂರು ಮೀಟರ್ ದಾಟಲು ಒಂದೂಮುಕ್ಕಾಲು ಗಂಟೆ.

ಇದನ್ನೇ ಮೊದಲು ಹೇಳಲು ಕಾರಣ ಇದೆ. ಹೊರಡುವ ಮುಂಚೆ ನಾನು ಈ ಗಾಡಿ ಮೇಲೆ 38 ಸಾವಿರ ಸುರಿದಿದ್ದೆ. 2019ರ ಮಾಡೆಲ್, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಎರಡು ಅಲ್ಯೂಮಿನಿಯಂ ಪೆಟ್ಟಿಗೆ, ಎರಡು ಎಕ್ಸ್‌ಟ್ರಾ ಲೈಟು, ಹ್ಯಾಂಡಲ್ ಎತ್ತರಿಸುವ ರೈಸರ್, ಕೈ ಮುಂದೆ ಗಾರ್ಡು, ಪೆಟ್ರೋಲ್ ಕ್ಯಾನು. ಇಷ್ಟರಲ್ಲಿ ಕೆಲಸಕ್ಕೆ ಬಂದಿದ್ದು ರೈಸರ್ ಒಂದೇ. ನಿಂತು ಓಡಿಸುವಾಗ ಬೆನ್ನು ಬಾಗಿಸಬೇಕಾಗಿಲ್ಲ, ಅದಂತೂ ನಿಜ. ಉಳಿದಿದ್ದೆಲ್ಲ ಭಾರ. ಮೊದಲೇ ಸುಮಾರು 200 ಕೆಜಿ ಗಾಡಿ. ಕೆಸರಲ್ಲಿ ಅದನ್ನು ಎತ್ತುವವರು ನೀವೇ ಅಲ್ವಾ?

ಪೆಟ್ರೋಲ್ ಕ್ಯಾನ್ ಬಗ್ಗೆ ಒಂದೇ ಮಾತು. ಟ್ಯಾಂಕು 15 ಲೀಟರ್. ಲೀಟರಿಗೆ 28 ಬಂದರೂ 400 ಕಿಲೋಮೀಟರ್ ಓಡುತ್ತದೆ. ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರ್ 110 ಕಿಲೋಮೀಟರ್ ಆಸುಪಾಸು, ಯಾದಗಿರಿ 80ರ ಹತ್ತಿರ. ಕ್ಯಾನ್ ಸುಮ್ನೆ ಫೋಟೋಗೆ.

ಲೈಟಿನ ಕಥೆ ಅದೇ ಸಂಜೆ ಶುರುವಾಯಿತು. ಚಿಂಚೋಳಿಯಿಂದ ಮನ್ನಾಎಖೇಳಿ ಕಡೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಎಕ್ಸ್‌ಟ್ರಾ ಲೈಟ್ ಹಾಕಿದ ಹತ್ತು ನಿಮಿಷಕ್ಕೆ ಹೆಡ್‌ಲೈಟ್ ಸಮೇತ ಎಲ್ಲವೂ ಆರಿತು. ಹಿಂದೆ ಲಾರಿ, ಮುಂದೆ ಏನೂ ಕಾಣುವುದಿಲ್ಲ. ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ರಸ್ತೆ ಅಂಚಿನಲ್ಲೇ ಊರು ಸೇರಿದೆ. ಆಟೋ ಎಲೆಕ್ಟ್ರಿಷಿಯನ್ ಒಬ್ಬ ಸೀಟು ಬಿಚ್ಚಿ ನೋಡಿ ನಕ್ಕ. "ಅಣ್ಣಾ, ರಿಲೇನೂ ಇಲ್ಲ, ಬ್ಯಾರೆ ಫ್ಯೂಜೂ ಇಲ್ಲ. ಹೆಡ್‌ಲೈಟ್ ವಯರಿಗೇ ಸುತ್ಯಾರ" ಅಂದ.

ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು. ಲೆಕ್ಕ ಸುಲಭ. ಒಂದೊಂದು 40 ವಾಟಿನ ಎರಡು ಲೈಟು, ಒಟ್ಟು 80 ವಾಟು. 12 ವೋಲ್ಟಿಗೆ ಹತ್ತಿರಹತ್ತಿರ 7 ಆಂಪಿಯರ್ ಎಳೆಯುತ್ತದೆ. ಹೆಡ್‌ಲೈಟಿಗೆ ಅಂತ ಇಟ್ಟ ವಯರು, ಫ್ಯೂಸು ಅದನ್ನೂ ಹೊರಬೇಕು ಅಂದರೆ ಹೇಗೆ? ಅದೂ 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಇಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ. ಬ್ಯಾಟರಿಯಿಂದ ನೇರ ವಯರ್, ಅದಕ್ಕೆ ಬೇರೆ ಫ್ಯೂಸು, ನಡುವೆ ರಿಲೇ. ಇಷ್ಟು ಬೇಕೇ ಬೇಕು. ನನಗೆ ಹಾಕಿಕೊಟ್ಟ ಅಂಗಡಿಯವನು "ವೈರಿಂಗ್ ಕಿಟ್ ಸಮೇತ" ಅಂತ 1,500 ಜಾಸ್ತಿ ತಗೊಂಡಿದ್ದ. ಆ ಕಿಟ್ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಮನ್ನಾಎಖೇಳಿಯ ಹುಡುಗ ರಿಲೇ, ಫ್ಯೂಸು, ಕೂಲಿ ಎಲ್ಲ ಸೇರಿ 250 ತಗೊಂಡ. ನೀವು ಲೈಟು ಹಾಕಿಸುವುದಾದರೆ ಅಂಗಡಿ ಬಿಡುವ ಮುಂಚೆ ಸೀಟು ಬಿಚ್ಚಿಸಿ ರಿಲೇ ಎಲ್ಲಿದೆ ತೋರಿಸಿ ಅನ್ನಿ. ಬೇಜಾರಾದರೆ ಆಗಲಿ.

ಬೀದರ್ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಬಸ್‌ಸ್ಟ್ಯಾಂಡಿಗೆ ದೂರವಿಲ್ಲದ ಒಂದು ಲಾಡ್ಜ್. ಫೋನಿನಲ್ಲಿ "ಒಳಗೇ ಪಾರ್ಕಿಂಗ್ ಇದೆ" ಅಂದಿದ್ದರು. ಹೋಗಿ ನೋಡಿದರೆ ಒಳಗೆ ಅಂದರೆ ಕೆಳಗಿನ ಮಹಡಿ, ಅಲ್ಲಿ ಮದುವೆ ಸಾಮಾನು ತುಂಬಿತ್ತು. ಗಾಡಿ ರಸ್ತೆ ಮೇಲೆ. ರೂಮಿಗೆ 1,800. ಎಸಿಯಿಂದ ಗಾಳಿ ಬರುತ್ತಿತ್ತು, ತಂಪು ಬರುತ್ತಿರಲಿಲ್ಲ. ಬೆಳಿಗ್ಗೆ ಬಿಲ್ಲಿನಲ್ಲಿ ಇನ್ನೊಂದು 300. ಯಾಕೆ ಅಂತ ಕೇಳಿದರೆ, ನನ್ನ ಬೂಟು ತೊಳೆದ ಎರೆ ಮಣ್ಣಿನಿಂದ ಬಚ್ಚಲಿನ ಪೈಪ್ ಕಟ್ಟಿಕೊಂಡಿತಂತೆ. ಜಗಳ ಮಾಡಿದೆ. 200 ಕೊಟ್ಟೆ. ಈಗ ಯೋಚಿಸಿದರೆ ಅವರ ಮಾತೂ ಪೂರ್ತಿ ಸುಳ್ಳಲ್ಲ. ಆ ಮಣ್ಣು ಗಾಲಿಯನ್ನೇ ನಿಲ್ಲಿಸಿತ್ತು, ಪೈಪ್ ಯಾವ ಲೆಕ್ಕ. ನೀವು ಬೂಟನ್ನು ಪೆಟ್ರೋಲ್ ಬಂಕಿನಲ್ಲೇ ತೊಳೆದುಕೊಳ್ಳಿ. ರೂಮು ತಗೊಳ್ಳುವ ಮುಂಚೆ ಗಾಡಿ ಎಲ್ಲಿ ನಿಲ್ಲುತ್ತದೆ ಅಂತ ಕಣ್ಣಾರೆ ನೋಡಿ.

ಬೀದರ್‌ನಲ್ಲಿ ಎರಡು ದಿನ ಇದ್ದೆ. ಕೋಟೆ, ಗವಾನ್ ಮದರಸಾ ಬಗ್ಗೆ ಓದಲು ಬೇಕಾದಷ್ಟಿದೆ. ನನಗೆ ಜನಜಂಗುಳಿ ಕಂಡರೆ ಆಗುವುದಿಲ್ಲ. ಅದಕ್ಕೇ ಭಾನುವಾರ ಗುರುದ್ವಾರದ ಕಡೆ ಸುಳಿಯಲಿಲ್ಲ, ಸೋಮವಾರ ಹೋಗಿ ಲಂಗರಿನಲ್ಲಿ ಉಂಡೆ. ಬೆಳಿಗ್ಗೆ ಏಳಕ್ಕೆ ಅಷ್ಟೂರಿನ ಗುಮ್ಮಟಗಳಿಗೆ ಹೋಗಿ. ಊರಿಂದ ಹತ್ತೇ ನಿಮಿಷ. ಸಿಡಿಲು ಬಡಿದು ಸೀಳಿದ, ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟದ ಮುಂದೆ ಒಬ್ಬನೇ ಕೂತಿದ್ದೆ, ಕುರಿಗಳು ಬಿಟ್ಟರೆ ಯಾರೂ ಇಲ್ಲ. ಈ ಕಡೆಯ ಮಣ್ಣು ಕೆಂಪು, ಕೆಳಗೆ ಜಂಬಿಟ್ಟಿಗೆ ಕಲ್ಲು. ಮಳೆ ಬಿದ್ದರೆ ಜಾರುತ್ತದೆ, ಆದರೆ ಎರೆಯ ಹಾಗೆ ಅಂಟುವುದಿಲ್ಲ. ಮಡ್‌ಗಾರ್ಡ್ ಮತ್ತೆ ಹಾಕಿಕೊಂಡೆ.

ಇಲ್ಲಿ ಬೇರೆ ತೊಂದರೆ. ಅಕ್ಟೋಬರ್ ಅಂದರೆ ಸೋಯಾ ರಾಶಿಯ ಕಾಲ. ಭಾಲ್ಕಿ ಕಡೆಯ ಒಳರಸ್ತೆಗಳಲ್ಲಿ ಅರ್ಧ ರಸ್ತೆಗೆ ಕಾಳು ಹರವಿರುತ್ತಾರೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಗೋಲಿ ಮೇಲೆ ಕಾಲಿಟ್ಟ ಹಾಗೆ. ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದೆ ಅಂತ ಧೈರ್ಯ ಮಾಡಬೇಡಿ. ದೂರದಿಂದಲೇ ಗೇರ್ ಇಳಿಸಿ, ಹ್ಯಾಂಡಲ್ ತಿರುಗಿಸದೆ ನೆಟ್ಟಗೆ ದಾಟಿ. ಅವರನ್ನು ಬೈಯುವುದೂ ಬೇಡ, ಕಣ ಮಾಡಲು ಜಾಗ ಇದ್ದಿದ್ದರೆ ರಸ್ತೆಗೆ ಯಾಕೆ ಬರುತ್ತಿದ್ದರು. ಇನ್ನೊಂದು, ಕಬ್ಬಿನ ಟ್ರ್ಯಾಕ್ಟರ್. ಎರಡೆರಡು ಟ್ರಾಲಿ, ಹಿಂದೆ ಲೈಟಿಲ್ಲ. ಹಂಗಾಮಿನಲ್ಲಿ ಕತ್ತಲಾದ ಮೇಲೆ ಓಡಿಸಲೇಬೇಡಿ.

ವಾಪಸ್ ಬರುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಂಡೆ. ಮಾಮೂಲಿ ಬಾಳೆಗಿಂತ ದುಬಾರಿ, ಆದರೂ ತಗೊಳ್ಳಿ.

ಮನೆಯಲ್ಲಿ ಪೆಟ್ಟಿಗೆ, ಕ್ಯಾನು ಇಳಿಸಿಟ್ಟು ಯಾದಗಿರಿ ಕಡೆ ಹೊರಟೆ. ಒಂದು ರೆಕ್ಸಿನ್ ಚೀಲ, ಪಂಚರ್ ಅಂಗಡಿಯಲ್ಲಿ ಹಳೇ ಟ್ಯೂಬ್ ಕತ್ತರಿಸಿ ಮಾಡಿಸಿದ ಪಟ್ಟಿ, ಅಷ್ಟೇ. ಗಾಡಿ ಬೇರೆಯೇ ಗಾಡಿ ಆಯಿತು. ಶಹಾಬಾದ್, ವಾಡಿ ಕಡೆ ರಸ್ತೆ ಪೂರ್ತಿ ಕಲ್ಲಿನ ಲಾರಿ, ಸಿಮೆಂಟಿನ ಲಾರಿ. ಬಿಳಿ ಧೂಳು ಚೈನಿನ ಎಣ್ಣೆಗೆ ಸೇರಿದರೆ ಉಜ್ಜುವ ಕಾಗದದ ಕೆಲಸ ಮಾಡುತ್ತದೆ. ದಿನಾ ರಾತ್ರಿ ಸೀಮೆಎಣ್ಣೆ, ಇಲ್ಲದಿದ್ದರೆ ಡೀಸೆಲ್‌ನಲ್ಲಿ ಬಟ್ಟೆ ಅದ್ದಿ ಒರೆಸಿ, ತೆಳ್ಳಗೆ ಗೇರ್ ಎಣ್ಣೆ ಸವರಿ. ಜಾಸ್ತಿ ಸುರಿದರೆ ಧೂಳು ಇನ್ನೂ ಜಾಸ್ತಿ ಕೂರುತ್ತದೆ.

ನಾಲವಾರದ ಹತ್ತಿರ ಮುಂದಿನ ಗಾಲಿ ಪಂಚರ್. ಶಹಾಬಾದ್ ಕಲ್ಲಿನ ಚೂರು, ಬ್ಲೇಡಿನ ಹಾಗಿತ್ತು. ಟ್ಯೂಬ್ ಬಾಯಿ ಬಿಟ್ಟುಕೊಂಡಿತ್ತು, ಪ್ಯಾಚ್ ನಿಲ್ಲುವಂತಿರಲಿಲ್ಲ. "ಇಪ್ಪತ್ತೊಂದು ಇಂಚಾ? ಹದಿನೇಳು, ಹದಿನೆಂಟು ಅದಾವ್ರಿ. ಇದಕ್ಕ ಕಲಬುರ್ಗಿಗೇ ಹೋಗಬೇಕು" ಅಂದ ಪಂಚರ್ ಅಂಗಡಿಯವನು. ಪುಣ್ಯಕ್ಕೆ ಒಂದು ಟ್ಯೂಬ್ ಚೀಲದಲ್ಲಿತ್ತು. ಮುಂದಿನ 21 ಇಂಚಿನ ಗಾಲಿ ಗುಂಡಿಗಳನ್ನು ನುಂಗಿಕೊಂಡು ಹೋಗುತ್ತದೆ, ಅದಕ್ಕೇ ಈ ಗಾಡಿ ನನಗೆ ಇಷ್ಟ. ಆದರೆ ಆ ಅಳತೆಯ ಟ್ಯೂಬ್ ನೀವೇ ಹೊರಬೇಕು. ಹಿಂದಿನದು ಹೋದರೂ ಅದನ್ನೇ ಮಡಚಿ ತುರುಕಿ ಊರು ಸೇರಬಹುದು.

ಸನ್ನತಿಗೆ ಹುಣ್ಣಿಮೆ ಬಿಟ್ಟು ಬೇರೆ ದಿನ ಹೋಗಿ, ಚಂದ್ರಲಾಂಬೆ ಗುಡಿಯಲ್ಲಿ ಕಾಲಿಡಲು ಜಾಗ ಇರುತ್ತದೆ. 1986ರಲ್ಲಿ ಅಲ್ಲಿನ ಕಾಳಿ ಗುಡಿ ಚಾವಣಿ ಕುಸಿದಾಗ ಮೂರ್ತಿಯ ಕೆಳಗೆ ಪೀಠವಾಗಿ ಸಿಕ್ಕಿದ್ದು ಅಶೋಕನ ಶಾಸನದ ಕಲ್ಲು. ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದರು. ಶಾಸನಕ್ಕೇ ಹೊಸ ಫಿಟ್ಟಿಂಗ್ ಮಾಡಿದ ಊರು ನಮ್ಮದು.

ಯಾದಗಿರಿ ದಾಟಿ ಭೀಮಾ ಸೇತುವೆ ಮೇಲೆ ಶಹಾಪುರದ ಕಡೆ ಹೊರಟಾಗ ಮಧ್ಯಾಹ್ನ ಎರಡು. ಊರು ಇನ್ನೂ ಮುಂದಿರುವಾಗ ಎಡಕ್ಕೆ ಒಂದು ತಗಡಿನ ಚಪ್ಪರದ ಖಾನಾವಳಿ. ಬೋರ್ಡಿಲ್ಲ, ಮುಂದೆ ನಾಲ್ಕು ಲಾರಿ ನಿಂತಿದ್ದವು. ಒಳಗೆ ಇಬ್ಬರು ಹೆಣ್ಣುಮಕ್ಕಳು ಎದುರುಬದುರು ಕೂತು ರೊಟ್ಟಿ ಬಡಿಯುತ್ತಿದ್ದರು. ಒಬ್ಬರ ಸದ್ದು ನಿಂತ ಕಡೆ ಇನ್ನೊಬ್ಬರದು ಶುರು. ತಟ್ಟೆಗೆ ಬಿಸಿ ಜೋಳದ ರೊಟ್ಟಿ ಎರಡು, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ಪುಂಡಿಪಲ್ಯದ ಹುಳಿ ನಾಲಿಗೆ ಅಂಚಿಗೆ ಹತ್ತುವಷ್ಟರಲ್ಲಿ ಒಗ್ಗರಣೆ ಬೆಳ್ಳುಳ್ಳಿ ಸಿಗುತ್ತಿತ್ತು. ಹಿಂಡಿ ಮೇಲೆ ಎಣ್ಣೆ ಹಾಕಿ ನಡುವೆ ಬೆರಳಲ್ಲಿ ಗುಳಿ ಮಾಡಿ ಕೊಟ್ಟರು, ನಮ್ಮ ಮನೆಯಲ್ಲಿ ಮಾಡುವ ಹಾಗೆಯೇ. ನಾಲ್ಕನೇ ರೊಟ್ಟಿಗೆ ಸಾಕು ಅಂದೆ. "ಗಾಡಿ ಅಷ್ಟ ದೊಡ್ಡದ್ ಅದ, ಹೊಟ್ಟಿ ಇಷ್ಟ ಏನ್ರೀ ಅಣ್ಣಾ?" ಅಂತ ಐದನೆಯದು ಬಿತ್ತು. ಕೊನೆಗೆ ಅನ್ನ, ತೊಗರಿಬ್ಯಾಳಿ ಸಾರು. ಒಟ್ಟು 80 ರೂಪಾಯಿ. ಬೀದರ್‌ನಲ್ಲಿ ಬಚ್ಚಲಿಗೆ ಕೊಟ್ಟ 200ರಲ್ಲಿ ಎರಡು ಊಟ ಮುಗಿಸಿ ಇನ್ನೂ ನಲವತ್ತು ಉಳಿಯುತ್ತಿತ್ತು. ಒಂದಕ್ಕೂ ಎರಡೂವರೆಗೂ ನಡುವೆ ಹೋಗಿ, ಆಮೇಲೆ ಎಣ್ಣೆಗಾಯಿ ಖಾಲಿ. ಆಮೇಲೆ ಗುಂಡಿ ನೋಡಿಕೊಂಡು ಓಡಿಸಿ, ಹೊಟ್ಟೆ ತುಂಬಿದ ಮೇಲೆ ಮಲಗಿದ ಬುದ್ಧನ ಬೆಟ್ಟ ನೋಡುತ್ತಾ ಹೋದರೆ ಕಣ್ಣು ಎಳೆಯುತ್ತದೆ.

ಸೈಲೆನ್ಸರ್ ಬದಲಾಯಿಸು ಅಂತ ನನ್ನ ಮಾವನ ಮಗ ಈಗಲೂ ಹಟ ಹಿಡಿದಿದ್ದಾನೆ. ಕಂಪನಿ ಕೊಟ್ಟಿದ್ದನ್ನು ಕಾನೂನು ಬಿಟ್ಟು ಬದಲಾಯಿಸಿದರೆ ಒಂದೊಂದು ಬದಲಾವಣೆಗೆ 5,000 ದಂಡ ಹಾಕಬಹುದು ಅಂತ ಮೋಟಾರು ವಾಹನ ಕಾಯ್ದೆಯಲ್ಲಿದೆ ಅಂದರೆ ನಂಬುವುದಿಲ್ಲ. ಮಡ್‌ಗಾರ್ಡ್ ಕೂಡ ಹೊಲ ದಾಟಿದ ಮೇಲೆ ವಾಪಸ್ ಹಾಕಿಕೊಳ್ಳಿ. ಬಿಚ್ಚುವಾಗ ಬ್ರೇಕ್ ಪೈಪು ಗಾಲಿಗೆ ತಾಗದಂತೆ ಕಟ್ಟಿ. ಬೋಲ್ಟುಗಳನ್ನು ಜೇಬಿನಲ್ಲಿ ಹಾಕಬೇಡಿ, ನಾನು ಒಂದು ಕಳೆದುಕೊಂಡೆ.

ಅಲ್ಯೂಮಿನಿಯಂ ಪೆಟ್ಟಿಗೆ ಮಾರೋಣ ಅಂತಿದ್ದೆ. ಹುಳ ಹೋಗುವುದಿಲ್ಲ ಅಂತ ಅವ್ವ ಅದರಲ್ಲಿ ವರ್ಷದ ತೊಗರಿಬೇಳೆ ತುಂಬಿಟ್ಟಿದ್ದಾಳೆ.