ಅರ್ಧಕ್ಕೂ ಒಂದಕ್ಕೂ ನಡುವೆ

ನಮ್ಮ ಪ್ರಯೋಗಾಲಯದ ಮೂಲೆಯಲ್ಲೊಂದು ಕತ್ತಲೆ ಕೋಣೆಯಿತ್ತು. ಅಲ್ಲಿನ ಪಾದರಸದ ದೀಪ ಹೊತ್ತಿಸಿದ ಮೇಲೆ ಸ್ಥಿರವಾಗಿ ಉರಿಯಲು ಅರ್ಧ ಗಂಟೆ ಬೇಕಾಗುತ್ತಿತ್ತು. ಅಷ್ಟು ಹೊತ್ತೂ ನಾನು ದ್ರಾವಣದೊಳಗೆ ಸಾರಜನಕ ಹಾಯಿಸುತ್ತಾ ಕುಳಿತಿರುತ್ತಿದ್ದೆ. ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ನನ್ನ ಪಾಲಿಗೆ ಬಂದ ವಿಷಯ, ನೀರಿನಲ್ಲಿ ಕರಗಿದ ಅಕ್ರಿಲಮೈಡ್ ಬೆಳಕು ಬಿದ್ದಾಗ ಎಷ್ಟು ವೇಗವಾಗಿ ಪಾಲಿಮರ್ (ಸಣ್ಣ ಅಣುಗಳು ಕೊಂಡಿಯಾಗಿ ಸೇರಿದ ಉದ್ದ ಸರಪಳಿ) ಆಗುತ್ತದೆ ಎಂಬುದು. ಬೆಳಕನ್ನು ಹೀರಿಕೊಳ್ಳಲು ಫೆರಿಕ್ ಪರ್ಕ್ಲೋರೇಟ್ ಎಂಬ ಕಬ್ಬಿಣದ ಲವಣ. 365 ನ್ಯಾನೊಮೀಟರ್ ಬೆಳಕು ತಾಗಿದರೆ ಫೆರಿಕ್ ಅಯಾನು ಫೆರಸ್ ಆಗುತ್ತದೆ, ಜೊತೆಗೆ ನೀರಿನಿಂದ ಒಂದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ರ‍್ಯಾಡಿಕಲ್ ಎಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ, ಸಿಕ್ಕಿದ್ದಕ್ಕೆ ಅಂಟಿಕೊಳ್ಳುವ ಚೂರು. ಸರಪಳಿ ಶುರುವಾಗುವುದು ಅದರಿಂದಲೇ. ಈ ದಾರಿಯನ್ನು ಮೊದಲು ತೋರಿಸಿದವರಲ್ಲಿ ಇವಾನ್ಸ್ ಮತ್ತು ಊರಿ ಅವರ ಜೊತೆ ನಮ್ಮ ದೇಶದ ಎಂ. ಸಂತಪ್ಪನವರೂ ಇದ್ದರು. 1951ರ ಅವರ ಪ್ರಬಂಧವನ್ನು ಗ್ರಂಥಾಲಯದಲ್ಲಿ ಓದಿದ ದಿನ ನನಗೆ ಆದ ಹೆಮ್ಮೆ ಇನ್ನೂ ನೆನಪಿದೆ.

ಮೊದಲ ವಾರ ಏನೂ ನಡೆಯಲಿಲ್ಲ. ನಲವತ್ತು ನಿಮಿಷ ಬೆಳಕು ಬಿಟ್ಟರೂ ದ್ರಾವಣ ನೀರಾಗಿಯೇ ಇತ್ತು. ನನಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಬಂದು ಒಂದು ಮಾತೂ ಆಡದೆ ರಬ್ಬರ್ ನಳಿಗೆಯ ಕೀಲಿಗೆ ಸೋಪಿನ ನೀರು ಸವರಿದರು. ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಉಬ್ಬಿತು. ಅಲ್ಲಿಂದ ಗಾಳಿ ನುಸುಳುತ್ತಿತ್ತು. ಹುಟ್ಟಿದ ರ‍್ಯಾಡಿಕಲ್‌ಗಳನ್ನು ಆಮ್ಲಜನಕ ಹುಟ್ಟಿದಲ್ಲೇ ಹಿಡಿದು ನುಂಗುತ್ತದೆ. ಅದಿರುವ ತನಕ ಸರಪಳಿ ಬೆಳೆಯುವುದಿಲ್ಲ.

ಕೀಲು ಸರಿಪಡಿಸಿದ ಮೇಲೆ ಕೆಲಸ ಸಾಗಿತು. ಐದೈದು ನಿಮಿಷಕ್ಕೊಮ್ಮೆ ಪಿಪೆಟ್‌ನಲ್ಲಿ ತೆಗೆದು, ಉಳಿದ ಅಕ್ರಿಲಮೈಡ್ ಎಷ್ಟೆಂದು ಬ್ರೋಮಿನ್‌ನಿಂದ ಅಳೆಯಬೇಕು. ಕೊನೆಯಲ್ಲಿ ಥಯೋಸಲ್ಫೇಟ್ ಹನಿ ಬಿದ್ದು ಪಿಷ್ಟದ ನೀಲಿ ಮಾಯವಾಗುವ ಕ್ಷಣಕ್ಕೆ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ದೀಪದ ಮುಂದೆ ತಂತಿಯ ಜಾಲರಿ ಇಟ್ಟು ಬೆಳಕು ತಗ್ಗಿಸುತ್ತಿದ್ದೆ. ಎಷ್ಟು ತಗ್ಗಿತೆಂದು ತಿಳಿಯಲು ಫೆರಿಆಕ್ಸಲೇಟ್ ದ್ರಾವಣವಿತ್ತು.

ವೇಗವು ಬೆಳಕಿನ ತೀವ್ರತೆಯ ವರ್ಗಮೂಲದಂತೆ, ಅಂದರೆ 0.5ನೆಯ ಘಾತದಂತೆ, ಏರಬೇಕು ಎಂದು ಪುಸ್ತಕ ಹೇಳುತ್ತಿತ್ತು. ವೇಗ-ತೀವ್ರತೆಗಳ ಲಾಗ್ ನಕ್ಷೆಯಲ್ಲಿ ಇಳಿಜಾರೇ ಆ ಘಾತ. ಹಾಗಾಗಿ ನನ್ನ ಗೆರೆಯ ಇಳಿಜಾರು 0.5 ಬರಬೇಕಿತ್ತು, ಬಂದದ್ದು 0.7. ಮೂರು ಸಲ ಮಾಡಿದರೂ ಅದೇ. ನಾಲ್ಕನೆಯ ಸಲ ಎರಡು ಬಿಂದುಗಳನ್ನು ಕೈಬಿಟ್ಟು 0.5ಕ್ಕೆ ಹತ್ತಿರವಾಗುವಂತೆ ಗೆರೆ ಎಳೆದು ತೋರಿಸಿದೆ.

ಮೇಡಂ ಸಿಟ್ಟಾಗಲಿಲ್ಲ. "ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಜನ ಎರಡು ಪಟ್ಟಾದರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು ನಾಲ್ಕು ಪಟ್ಟಾಗುತ್ತದೆ, ಅಲ್ಲವೇನಮ್ಮ? ಎರಡು ರ‍್ಯಾಡಿಕಲ್‌ಗಳು ಕೂಡಿದರೆ ಎರಡೂ ಮುಗಿದವು. ಅದಕ್ಕೇ ವರ್ಗಮೂಲ. ಆದರೆ ಸಾಲಿನ ನಡುವೆ ಕಂಬಗಳಿದ್ದರೆ? ಕಂಬಕ್ಕೆ ಹಾಯುವುದಕ್ಕೆ ಇನ್ನೊಬ್ಬರು ಬೇಕಿಲ್ಲ. ನಿನ್ನ ನೀರಿನಲ್ಲಿ ಕಂಬ ಯಾವುದು, ಯೋಚಿಸು" ಎಂದರು.

ಹಾಸ್ಟೆಲಿಗೆ ಹೋಗುವಾಗ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹೊಳೆಯಿತು. ಕಂಬವೆಂದರೆ ಫೆರಿಕ್ ಅಯಾನೇ! ಸರಪಳಿಯನ್ನು ಹುಟ್ಟಿಸಿದ ಕಬ್ಬಿಣವೇ ಬೆಳೆಯುತ್ತಿರುವ ತುದಿಯಿಂದ ಎಲೆಕ್ಟ್ರಾನ್ ಕಸಿದು ಅದನ್ನು ಮುಗಿಸುತ್ತಿತ್ತು. ಆ ಬಗೆಯ ಸಾವೊಂದೇ ಇದ್ದರೆ ಇಳಿಜಾರು 1, ರ‍್ಯಾಡಿಕಲ್‌ಗಳ ಜೋಡಿ ಸಾವೊಂದೇ ಇದ್ದರೆ 0.5. ನನ್ನ ಫ್ಲಾಸ್ಕಿನಲ್ಲಿ ಎರಡೂ ನಡೆಯುತ್ತಿದ್ದವು. ನಾನು ಎಸೆದ ಆ ಎರಡು ಬಿಂದುಗಳು ಸರಿಯಾಗಿಯೇ ಇದ್ದವು.

ಮುಂದಿನ ಎರಡು ವಾರ ಕಬ್ಬಿಣದ ಪ್ರಮಾಣವನ್ನು ಏರಿಸಿ ಇಳಿಸಿ ಅಳೆದೆ. ಹೆಚ್ಚಿಸಿದಾಗ ಗೆರೆ 1ರ ಕಡೆಗೆ ಕಡಿದಾಯಿತು, ತಗ್ಗಿಸಿದಾಗ 0.5ರ ಕಡೆಗೆ ಮಲಗಿತು. ಕೊನೆಯ ದಿನ ಫ್ಲಾಸ್ಕಿನಲ್ಲಿ ಉಳಿದ ದ್ರಾವಣವನ್ನು ಅಸಿಟೋನ್‌ಗೆ ಸುರಿದೆ. ಪಾಲಿಮರ್ ಬೆಳ್ಳಗೆ ಒಡೆದು, ಶಾವಿಗೆಯ ಎಳೆಯಂತೆ ಗಾಜಿನ ಕಡ್ಡಿಗೆ ಸುತ್ತಿಕೊಂಡಿತು. ಮೂರು ಗೆರೆಗಳ ನಕ್ಷೆಯನ್ನು ಮೇಡಂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೂಲೆಯಲ್ಲಿ ಸಹಿ ಹಾಕಿ, "ಗಂಟೆ ನಾಲ್ಕಾಯಿತು, ಇನ್ನೂ ಊಟ ಮಾಡಿಲ್ಲವೇನಮ್ಮ?" ಎಂದು ಕೇಳಿದರು.