ಬಾವುಟಕ್ಕೆ ಇನ್ನೆರಡು ಬಣ್ಣ
1973ರ ನ್ಯೂಯಾರ್ಕ್ ಪ್ರೈಡ್ ಸಭೆ, ಅಂದರೆ ಸಲಿಂಗಿಗಳು, ಟ್ರಾನ್ಸ್ ಜನ ತಮ್ಮ ಹಕ್ಕಿಗಾಗಿ ಸೇರುವ ಸಭೆ. ಪೋರ್ಟೊರಿಕೊ ಮೂಲದ ಟ್ರಾನ್ಸ್ ಹೋರಾಟಗಾರ್ತಿ ಸಿಲ್ವಿಯಾ ರಿವೇರಾ ಮೈಕ್ ಹಿಡಿದು, ಜೈಲಲ್ಲಿ ಒದೆ ತಿನ್ನುತ್ತಿರುವ ನಮ್ಮವರನ್ನು ಯಾಕೆ ಮರೆತಿರಿ ಅಂತ ಕೇಳಿದರು. ಎದುರಿಗಿದ್ದ ಸ್ವಂತ ಜನರೇ ಬೊಬ್ಬೆ ಹಾಕಿದರು. ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಕಾಲ ಬದಲಾಯಿತು ಅಂದುಕೊಂಡರೆ, ಫಿಲಡೆಲ್ಫಿಯಾದ ಗೇ ಬಾರ್‌ಗಳ ಮೇಲೂ ದೂರು. ಹಾಕಿದ ಬೂಟು ಸರಿಯಿಲ್ಲ ಅನ್ನೋ ನೆಪ ಹೇಳಿ ಕಪ್ಪು ಜನರನ್ನು ಬಾಗಿಲಲ್ಲೇ ತಡೆಯುತ್ತಾರೆ ಅಂತ. 2017ರಲ್ಲಿ ಆ ಊರಿನ ಸಿಟಿ ಹಾಲ್‌ನಲ್ಲಿ ಪ್ರೈಡ್‌ನ ಕಾಮನಬಿಲ್ಲು ಬಾವುಟದ ಆರು ಬಣ್ಣಗಳ ಮೇಲೆ, ಬಿಳಿಯರಲ್ಲದವರೂ ನಮ್ಮವರೇ ಅಂತ ಕಪ್ಪು, ಕಂದು ಪಟ್ಟಿ ಸೇರಿಸಿ ಹಾರಿಸಿದರು. ಮೊದಲಿನದರಲ್ಲೇ ಎಲ್ಲರೂ ಇದ್ದರಲ್ಲ, ಸುಮ್ನೆ ಯಾಕೆ ಒಡೆಯುತ್ತೀರಿ ಅಂತ ಎಷ್ಟೋ ಜನ ಸಿಟ್ಟಾದರು. ಒಡೆದದ್ದು ಪಟ್ಟಿ ಹಾಕಿದವರಲ್ಲ, ಬಾಗಿಲು ಹಾಕಿದವರು ಅಲ್ವಾ? ನನಗಂತೂ ಆ ಎಂಟು ಬಣ್ಣದ ಬಾವುಟವೇ ಜಾಸ್ತಿ ಇಷ್ಟ.