ಆ 13 ಜನ

10 ಜೂನ್ 2023, ಶನಿವಾರ

ಒಡಿಶಾದ ಬಹನಾಗಾ ಹೈಸ್ಕೂಲನ್ನು ಒಡೆಯೋಕೆ ಶುರು ಮಾಡಿದ್ದಾರಂತೆ. ಹೋದ ವಾರದ ರೈಲು ಅಪಘಾತದ ರಾತ್ರಿ ಹೆಣಗಳನ್ನು ತಂದು ಸಾಲಾಗಿ ಮಲಗಿಸಿದ್ದು ಅಲ್ಲೇ. ಬೇಸಿಗೆ ರಜೆ ಮುಗಿಯುತ್ತಾ ಬಂತು, ಮಕ್ಕಳು ಮಾತ್ರ ಆ ಕೋಣೆಗಳಿಗೆ ಬರಲ್ಲ ಅಂತಿದ್ದಾರೆ.

"65 ವರ್ಷದ ಕಟ್ಟಡವಂತೆ, ಹೇಗಿದ್ದರೂ ಒಡೀಬೇಕಿತ್ತು ಬಿಡು" ಅಂತ ಅಪ್ಪ ಪೇಪರ್ ಮಡಿಸಿಟ್ಟರು. "ದೆವ್ವಕ್ಕೆ ಹೆದರಿ ಸ್ಕೂಲೇ ಒಡೀತಾರಾ!" ಅಂತ ಅಣ್ಣ ನಕ್ಕ. ಅವನಿಗೇನು, ಕಾಲೇಜು ಮುಗಿಸಿದ್ದಾನೆ. ನಾನಾಗಿದ್ದರೂ ಹೋಗ್ತಿರಲಿಲ್ಲ. ನೆಲ ತೊಳೆದಿರುತ್ತಾರೆ, ಸರಿ. ಆದರೆ ಪೆನ್ನಿನ ಕ್ಯಾಪ್ ಬಿದ್ದರೆ ಬೆಂಚಿನ ಕೆಳಗೆ ಬಗ್ಗಲೇಬೇಕಲ್ವಾ?

ಒಂದು ವಿಷಯ ಯಾರಿಗೂ ಹೇಳಿಲ್ಲ. ಹೋದ ಶನಿವಾರ ಸತ್ತವರು 288 ಅಂದರು. ಭಾನುವಾರ 275 ಅಂದರು, ಕೆಲವು ದೇಹಗಳನ್ನು ಎರಡು ಸಲ ಎಣಿಸಿಬಿಟ್ಟಿದ್ದರಂತೆ. ಆಗ ನನಗೆ ಖುಷಿಯಾಯಿತು. ನಿಜವಾಗಿ. 13 ಜನ ಎದ್ದು, ಬಟ್ಟೆ ಕೊಡವಿಕೊಂಡು ಮನೆಗೆ ಹೋದ ಹಾಗೆ. ಗಣಿತದಲ್ಲಿ ಹಿಂದುಳಿದ ನನಗೆ ಕಳೆಯುವ ಲೆಕ್ಕ ಖುಷಿ ಕೊಟ್ಟಿದ್ದು ಅದೇ ಮೊದಲು. ಮಂಗಳವಾರ ಮತ್ತೆ 288.

ನಿನ್ನೆ ಸಂಜೆ ಎದುರಿನ ಬಿಲ್ಡಿಂಗ್ ಕೆಲಸದ ಬಂಗಾಳಿ ಭಯ್ಯಾ ನಮ್ಮ ನಲ್ಲಿಯಲ್ಲಿ ನೀರು ಹಿಡಿಯೋಕೆ ಬಂದಿದ್ದರು. ಕೋರಮಂಡಲ್ ಎಕ್ಸ್‌ಪ್ರೆಸ್ ಹೋಗಿ ಗೂಡ್ಸ್ ಗಾಡಿಗೆ ಗುದ್ದಿತಲ್ಲ, ಆಗ ಅದರ ಬೋಗಿಗಳು ಉರುಳಿ ತಾಗಿದ್ದು ನಮ್ಮ ಬೆಂಗಳೂರಿನಿಂದ ಹೊರಟಿದ್ದ ಹೌರಾ ಗಾಡಿಯ ಹಿಂಭಾಗಕ್ಕೆ. ಇವರು ಊರಿಗೆ ಹೋಗಿಬರುವುದೂ ಅದರಲ್ಲೇ. "ನಿಮ್ಮವರು ಯಾರಾದರೂ ಇದ್ದರಾ?" ಅಂತ ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ. ಕೇಳಬಾರದಿತ್ತೇನೋ. ಇಲ್ಲ ಅಂತ ತಲೆ ಅಲ್ಲಾಡಿಸಿದರು.

ಆಮೇಲೆ ಫೋನಿನ ಕವರ್ ಬಿಚ್ಚಿ ಒಂದು ಹಳೇ ಜನರಲ್ ಟಿಕೆಟ್ ತೋರಿಸಿದರು. ಮಾರ್ಚ್‌ನಲ್ಲಿ ಬಂದಾಗಿನದು. ಬೆವರಿಗೆ ಅಕ್ಷರ ಅರ್ಧ ಅಳಿಸಿತ್ತು. ಹತ್ತಿದ ಊರಿದೆ, ಇಳಿಯುವ ಊರಿದೆ, ದೊಡ್ಡವರು ಎಷ್ಟು ಅಂತ ಇದೆ. ಹೆಸರೇ ಇಲ್ಲ. ರಿಸರ್ವೇಶನ್ ಮಾಡಿಸಿದವರ ಪಟ್ಟಿ ಇರುತ್ತೆ, ಜನರಲ್ ಬೋಗಿಗೆ ಯಾವ ಪಟ್ಟಿ? ಭುವನೇಶ್ವರದ ಏಮ್ಸ್‌ನಲ್ಲಿ ಗುರುತು ಸಿಗದ ದೇಹಗಳು ಇನ್ನೂ ಇವೆ. ಡಿಎನ್‌ಎ ಪರೀಕ್ಷೆ ಮಾಡ್ತಿದ್ದಾರೆ.

ಟಿಕೆಟ್ ಹಿಂದೆ ಇನ್ನೊಂದು ಚೀಟಿ ಇತ್ತು, ಸಿಮೆಂಟ್ ಚೀಲದಿಂದ ಹರಿದ ಕಾಗದ. ಬಂಗಾಳಿಯಲ್ಲಿ ಏನೋ ಎರಡು ಸಾಲು, ಕೆಳಗೊಂದು ಫೋನ್ ನಂಬರ್. ಅಮ್ಮನದಂತೆ. ಈ ವಾರ ಬರೆದಿಟ್ಟುಕೊಂಡಿದ್ದು.

ಫೋನೇ ಬೇರೆ ಕಡೆ ಹಾರಿ ಬಿದ್ದರೆ? ಬಾಯಿಗೆ ಬಂತು, ನುಂಗಿಕೊಂಡೆ. ಅಷ್ಟರಲ್ಲಿ ಕೊಡ ತುಂಬಿ ಚೆಲ್ಲಿತು. "ನೀರು ಸುಮ್ನೆ ಹೋಗ್ತಿದೆ, ನಲ್ಲಿ ನಿಲ್ಸೇ!" ಅಂತ ಅಮ್ಮ ಒಳಗಿಂದ ಕೂಗಿದರು. ಭಯ್ಯಾ ನಕ್ಕು ಕೊಡ ಎತ್ತಿಕೊಂಡು ಹೋದರು.

ಸೋಮವಾರ ಫಿಸಿಕ್ಸ್ ಟೆಸ್ಟ್. ಒಂದು ಪಾಠವೂ ತಲೆಗೆ ಹತ್ತಿಲ್ಲ. ನ್ಯೂಸ್ ನೋಡಬೇಡ ಅಂತ ಅಮ್ಮ ರಿಮೋಟ್ ಬೀರುವಿನ ಮೇಲಿಟ್ಟಿದ್ದಾರೆ. ನನಗೇನು ಎಟುಕಲ್ವಾ!

ಆದರೆ ಆ ಎರಡು ದಿನ ಲೆಕ್ಕದಿಂದ ಹೊರಗಿದ್ದರಲ್ಲ 13 ಜನ, ಅವರಲ್ಲಿ ಯಾರದಾದರೂ ಅಮ್ಮನಿಗೂ ನನ್ನ ಹಾಗೆಯೇ ಭಾನುವಾರ ಒಂದು ಗಳಿಗೆ